ದುರುಗಮ್ಮನ ಎತ್ತರದ ಹೊಸ್ತಿಲು

ರಾಯಚೂರಿನಲ್ಲಿ ಅಷ್ಟೊಂದು ಓಣಿಗಳಿದ್ದರೂ ಮಳೆನೀರಿಗೆ ದುರುಗಮ್ಮನ ಹಿಟ್ಟಿನ ಗಿರಣಿಯೇ ಏಕೆ ಬೇಕು? ಮೂರು ಮಳೆಗಾಲದಿಂದ ಅವಳನ್ನು ಕಾಡುತ್ತಿದ್ದ ಪ್ರಶ್ನೆ ಇದು. ಎದುರುಮನೆ ಇಮಾಮ್ ಬೀಯ ಅಂಗಳ ಒಣಗಿರುತ್ತಿತ್ತು. ಗಟಾರ ಉಕ್ಕಿದ ನೀರು ಮಾತ್ರ ಯಾರನ್ನೂ ಕೇಳದೆ ನೆಟ್ಟಗೆ ಗಿರಣಿಗೆ ಬಂದು (ಜೋಳ ತರದ ಗಿರಾಕಿ ಅದೊಂದೇ) ಮೋಟಾರು ಮುಳುಗಿಸಿ ಕೂರುತ್ತಿತ್ತು. ಆಗೆಲ್ಲ ಗಿರಣಿಯಲ್ಲೇ ವಾಸವಿದ್ದ ದುರುಗಮ್ಮ ಹಾಸಿಗೆ ಸುತ್ತಿಕೊಂಡು ಇಮಾಮ್ ಬೀಯ ಮನೆಗೆ ಹೋಗಿ ಮಲಗುತ್ತಿದ್ದಳು.

ಗಂಡ ತಾಯಣ್ಣ ತೀರಿದ ಮೇಲೆ ಮನೆಯಲ್ಲಿ ಉಳಿದ ಗಂಡಸಿನ ದನಿಯೆಂದರೆ ಗಿರಣಿಯದೇ. ಅದು ನಿಂತರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೋಟಾರಿಗೆ ಸಾಲ ಕೊಟ್ಟ ಬ್ಯಾಂಕಿನವರು ವಿಮೆಯನ್ನೂ ಮಾಡಿಸಿದ್ದರು. ಪ್ರತಿ ವರ್ಷ ಮೋಟಾರು ಮುಳುಗುವುದು, ವಿಮೆಯ ಮಹಾಂತಯ್ಯನವರು ಬಂದು ಗೋಡೆಯ ಒದ್ದೆ ಅಳೆಯುವುದು, ರಿಪೇರಿಯಾಗುವುದು. ಮೂರನೆಯ ಸಲ ಅವರಿಗೂ ಸಾಕಾಯಿತು. ಇನ್ನೊಮ್ಮೆ ನೀರು ಒಳಗೆ ಬಂದರೆ ವಿಮೆ ಬಂದ್, ಹೊಸ್ತಿಲು ಎತ್ತರಿಸಿ ಎಂದರು.

"ಎತ್ತರ ಮಾಡಿದ್ರ ನೀರು ಎಲ್ಲಿಗಿ ಹೋಗ್ತದ್ರಿ?"

"ಅದು ಕಂಪನಿಗಿ ಸಂಬಂಧ ಇಲ್ಲ, ಯವ್ವಾ."

ದುರುಗಮ್ಮ ಮೊಣಕಾಲೆತ್ತರದ ಕಲ್ಲಿನ ಹೊಸ್ತಿಲು ಕಟ್ಟಿಸಿದಳು. ಜೋಳ ಹೊತ್ತು ಬಂದವರು ಸೀರೆ ಎತ್ತಿ ದಾಟುತ್ತ, ಇದೇನು ಗಿರಣಿಯೋ ಕೋಟೆಯೋ ಎಂದು ನಕ್ಕರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಬತ್ಮೂರನೆಯ ಇಸವಿಯ ಮಳೆ ಹಿಡಿದಾಗ, ನೀರಿನ ಸವಾರಿ ಈಗ ಎಲ್ಲಿಗೆ ದಯಮಾಡಿಸುತ್ತದೋ ನೋಡಿಯೇ ಬಿಡೋಣವೆಂದು ಬಾಗಿಲಲ್ಲೇ ಕೂತಳು.

ನೀರು ಬಂತು. ಕಲ್ಲಿಗೆ ಹಣೆ ಬಡಿದುಕೊಂಡಿತು. ತುಸು ಯೋಚಿಸಿತು. ಹಿಂದಕ್ಕೆ ತಿರುಗಿ ಇಮಾಮ್ ಬೀಯ ಮನೆ ಹೊಕ್ಕಿತು.

ಇಮಾಮ್ ಬೀ ತನ್ನ ಅತ್ತೆ, ಮಂಚ, ಟ್ರಂಕು, ಕೋಳಿಗಳ ಸಮೇತ ಗಿರಣಿಗೆ ಬಂದಳು. ಮೂರು ವರ್ಷ ಅವಳ ಮನೆಯಲ್ಲಿ ಮಲಗಿದವಳು ಬೇಡವೆನ್ನುವುದು ಹೇಗೆ? ಮೋಟಾರಿನ ಪಕ್ಕ ಮಂಚ ಬಿತ್ತು. ಗಿರಣಿಯ ಬೆಲ್ಟಿನ ಮೇಲೆ ಒದ್ದೆ ಬಟ್ಟೆಗಳು ಹರಡಿಕೊಂಡವು. ನೀರೇನೋ ಇಳಿಯಿತು, ಇಮಾಮ್ ಬೀಯ ಮಣ್ಣಿನ ಗೋಡೆ ಒಣಗಲಿಲ್ಲ. ಅಷ್ಟರಲ್ಲಿ ಕೆಂಪು ಕೋಳಿಯೊಂದು ಜೋಳ ಸುರಿಯುವ ಡಬ್ಬಿಯೊಳಗೇ ಮೊಟ್ಟೆಯಿಟ್ಟು ಕಾವಿಗೆ ಕೂತಿತು.

ಮೋಟಾರು ಚಾಲೂ ಮಾಡಲೇ ಎಂದು ದುರುಗಮ್ಮ ಮೆಲ್ಲಗೆ ಕೇಳಿದಳು.

"ಮರಿ ಆಗೋತನ ತಡಿಯವ್ವಾ," ಎಂದಳು ಅತ್ತೆ ಮಂಚದಿಂದಲೇ. "ನಿನಗೂ ಒಂದು ಕೊಡ್ತೀನಿ."

ದುರುಗಮ್ಮ ಮಹಾಂತಯ್ಯನವರಿಗೆ ಹೇಳಿಕಳಿಸಿದಳು. ಅವರು ಬಂದು ಗೋಡೆ ಮುಟ್ಟಿ ನೋಡಿದರು. ಎಲ್ಲೂ ಒದ್ದೆಯಿಲ್ಲ. ಭಾಳ ಚಲೋ ಆಯಿತು ಎಂದರು. ಚಲೋ ಎಲ್ಲಿಂದ ಬಂತು, ಗಿರಣಿ ನಿಂತು ಹೋಗಿದೆ, ವಿಮೆ ಕೊಡಿ ಎಂದಳು ಇವಳು. ಅವರು ಮಂಚ, ಬಟ್ಟೆ, ಕೋಳಿ ಒಂದೊಂದನ್ನೇ ನೋಡಿದರು.

"ನೀರಿಗಿ ವಿಮಾ ಅದ, ಯವ್ವಾ. ನೆಂಟರಿಗಿಲ್ಲ," ಎಂದು ಕಾವಿನ ಕೋಳಿ ಬೆದರದಂತೆ ತುದಿಗಾಲಲ್ಲಿ ಹೊರಟುಹೋದರು.