ದಡಾರ ಇಲ್ಲದ ಊರು ಕಂಡುಹಿಡಿದೆ

ನಾನು ಕಾಲಿಟ್ಟ ಕಡೆ ಏನಾದರೊಂದು ನಡೆಯದೆ ಬಿಡುವುದಿಲ್ಲ; ಹುಟ್ಟಿದ ಗಳಿಗೆಯೇ ಅಂಥದ್ದು. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಮಂಡ್ಯದ ಡಾಕ್ಟರಮ್ಮ ಒಬ್ಬರು ನನಗೊಂದು ಸರ್ವೆ ವಹಿಸಿದರು. ಲಸಿಕೆ ಹಾಕಿಸಿದ ಮಕ್ಕಳಲ್ಲಿ ಎಷ್ಟು ಜನಕ್ಕೆ ದಡಾರ ಬಂದಿದೆ, ಹಾಕಿಸದವರಲ್ಲಿ ಎಷ್ಟು ಜನಕ್ಕೆ ಎಂದು ಮನೆಮನೆ ಕೇಳಿ ಬರೆಯಬೇಕು. “ಮಳವಳ್ಳಿ ತಾಲ್ಲೂಕಿಗೆ ಇನ್ನೊಬ್ಬರು ಬೇಕಾ?” ಎಂದರು. “ಆಕಾಶಕ್ಕೆ ಎಷ್ಟು ಸೂರ್ಯ ಬೇಕು ಮೇಡಂ?” ಎಂದೆ.

೧. ವಡೆ ಅಂಗಡಿಯ ಸುತ್ತ

ಮೊದಲ ವಾರವೇ ಹಲಗೂರು ಬಸ್ ಸ್ಟಾಪಿನಲ್ಲಿ ಇಳಿದು ನೂರು ಮನೆ ಮುಗಿಸಿದೆ. ಒಂದು ಮಗುವಿಗೂ ಲಸಿಕೆ ತಪ್ಪಿರಲಿಲ್ಲ. ಜಿಲ್ಲೆ ಗೆದ್ದವನಂತೆ ಹೋಗಿ ಹಾಳೆ ಒಪ್ಪಿಸಿದೆ. ಡಾಕ್ಟರಮ್ಮ ಮನೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿದರು. ಎಲ್ಲ ಒಂದೇ ಕಡೆ ಗುಂಪುಗೂಡಿದವು.

“ಮಧ್ಯದಲ್ಲಿ ಏನಿದೆ ಮೇಷ್ಟ್ರೇ?”

“ವಡೆ ಅಂಗಡಿ.”

“ಆಸ್ಪತ್ರೆ?”

“ಅದರ ಎದುರಿಗೇ.”

“ಆಸ್ಪತ್ರೆ ಎದುರಿನವರನ್ನೇ ಕೇಳಿದರೆ ಹಾಕಿಸದವರು ಎಲ್ಲಿ ಸಿಕ್ತಾರೆ? ಬಿಸಿ ವಡೆ ಸಿಗದ ಊರಿಗೂ ಒಂದಿಷ್ಟು ಹೋಗಿ!”

೨. ನನ್ನ ಸೊನ್ನೆ

ಹೋದೆ. ಪೂರಿಗಾಲಿ ದಾಟಿ, ಗದ್ದೆ ಬದುವಿನ ಮೇಲೆ ನಡೆದು, ಲಸಿಕೆ ಎಂದರೆ ಬಾಗಿಲು ಹಾಕಿಕೊಳ್ಳುವ ಊರೊಂದನ್ನು ಸೇರಿದೆ. ಮಕ್ಕಳಿಗೆ ಏನಾದರೂ ಕಾಯಿಲೆ ಬಂದಿದೆಯೇ ಎಂದು ಬೀದಿಯಲ್ಲೇ ನಿಂತು ಕೇಳಿದೆ. “ಯಾವ್ ಕಾಯ್ಲೇನೂ ಇಲ್ಲ ಕಣಪ್ಪ.” ಪ್ರತಿ ಮನೆಯಲ್ಲೂ ಇದೇ ಉತ್ತರ. ವಡೆ ಅಂಗಡಿ ಬೀದಿಯಲ್ಲಿ ಲಸಿಕೆ ಹಾಕಿಸಿದ್ದ ಇಬ್ಬರು ಮಕ್ಕಳಿಗಾದರೂ ದಡಾರ ಬಂದಿತ್ತು. ಇಲ್ಲಿ ಸೊನ್ನೆ!

ಆ ಸೊನ್ನೆಯನ್ನು ಹಲಗೂರಿನ ನನ್ನ ತಂಗಿ ಮಗಳ ಮನೆಯಲ್ಲಿ ಊಟಕ್ಕೆ ಕೂತು ಜಂಬದಿಂದ ಬಿಚ್ಚಿದೆ. ಅವಳ ಗಂಡ, ನನ್ನ ಅಳಿಯ, ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

“ಅಂಗಾರೆ ಗುರುವಾರ ನಮ್ ಮಗೀಗೆ ಸೂಜಿ ಬ್ಯಾಡ.”

ತೊಟ್ಟಿಲಲ್ಲಿ ಒಂಬತ್ತು ತಿಂಗಳ ಮಗು. ಹಿಂದಿನ ಬೀದಿಯ ಕೂಸೊಂದು ದಡಾರ ಬಂದು ಆಗಲೇ ಆಸ್ಪತ್ರೆ ಸೇರಿತ್ತು. ತಂಗಿ ಮಗಳು ಸೌಟನ್ನು ಪಾತ್ರೆಗೆ ಕುಕ್ಕಿದಳು. “ಏನೇನೋ ಮಾತಾಡ್ಬ್ಯಾಡಿ!”

“ನಾನಲ್ಲ ಕಣೆ, ಮಾವನ ಲೆಕ್ಕ ಏಳ್ತಾ ಅದೆ.”

ನನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂದು ಮೂವತ್ತು ವರ್ಷ ಕೊರಗಿದ್ದೆ. ನಂಬುವವನು ಸಿಕ್ಕಿದ್ದು ಅವತ್ತೇ.

೩. ಮುಗಿಯದ ಯುಗಾದಿ

ಬುಧವಾರ ಡಾಕ್ಟರಮ್ಮನನ್ನೂ ಅಳಿಯನನ್ನೂ ಕರೆದುಕೊಂಡು ಅದೇ ಊರಿಗೆ ಓಡಿದೆ. ಅವರು ಸೊನ್ನೆಯನ್ನು ನಂಬದೆ ಬಂದಿದ್ದರು, ಇವನು ನಂಬಿ ಬಂದಿದ್ದ. ಮೊದಲ ಮನೆಯ ಅಜ್ಜಿ ಹೊಸಿಲಲ್ಲೇ ಕೈ ಅಡ್ಡ ಹಿಡಿದರು.

“ಒಳಕ್ ಬರ್ಬ್ಯಾಡಿ. ಮಗೀಗೆ ಅಮ್ಮ ಬಂದವ್ಳೆ.”

ಒಳಗೆ ಬೇವಿನಸೊಪ್ಪಿನ ಮೇಲೆ ಮಲಗಿದ್ದ ಮಗುವಿಗೆ ಮೈತುಂಬ ಕೆಂಪು ದದ್ದು. ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಅಳಿಯನ ಮುಖ ಬಿಳಿಚಿತು.

“ಅಜ್ಜಿ, ಕಾಯಿಲೆ ಇಲ್ಲ ಅಂದಿದ್ರಲ್ಲ!”

“ಥೂ, ಅಮ್ಮನ್ನ ಕಾಯ್ಲೆ ಅಂತೀಯಲ್ಲೋ! ಕೆನ್ನೆ ಬಡ್ಕೊ ಮೊದ್ಲು!”

ಬಡಿದುಕೊಂಡೆ. ಡಾಕ್ಟರಮ್ಮನೂ ಬಡಿದುಕೊಂಡು, ಅಜ್ಜಿಯನ್ನು ಒಪ್ಪಿಸಿ, ಮಗುವನ್ನು ಆಸ್ಪತ್ರೆಗೆ ಸಾಗಿಸಿದರು. ಆಮೇಲೆ ಅಳಿಯನ ಕಡೆ ತಿರುಗಿದರು. “ಲಸಿಕೆ ಹಾಕಿಸೋರು ಆಸ್ಪತ್ರೆಗೂ ಬರ್ತಾರೆ, ನಾವು ಚೀಟಿಯಲ್ಲಿ ದಡಾರ ಅಂತ ಬರೀತೀವಿ. ಇಲ್ಲಿ ಇದನ್ನ ಕಾಯಿಲೆ ಅಂತ ಯಾರೂ ಕರೆಯೋದೇ ಇಲ್ಲ. ಸೊನ್ನೆ ಬರದೆ ಇನ್ನೇನು?”

ಗುರುವಾರ ಲಸಿಕೆಯ ಸಾಲಿನಲ್ಲಿ ಮೊದಲು ನಿಂತವನು ಅಳಿಯ. ಮಗು ಊರಿಗೆಲ್ಲ ಕೇಳುವಂತೆ ಅತ್ತಿತು. ತಂಗಿ ಮಗಳು ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ನಾನು ಮೂಲೆಯಲ್ಲಿ ಆ ಊರಿನ ಹಾಳೆ ಬಚ್ಚಿಡುತ್ತಿದ್ದೆ. ಡಾಕ್ಟರಮ್ಮ ಕಿತ್ತುಕೊಂಡು ಕೊನೆಯ ಕಾಲಂ ಜೋರಾಗಿ ಓದಿದರು: “ವಿಶೇಷ: ಈ ಊರಿನವರಿಗೆ ಹಬ್ಬದ ಹುಚ್ಚು. ಯುಗಾದಿ ಕಳೆದು ತಿಂಗಳಾದರೂ ಹನ್ನೊಂದು ಬಾಗಿಲಲ್ಲಿ ಹಸಿ ಬೇವಿನಸೊಪ್ಪು. ಆದರೆ ಜಂಬದವರು, ಒಳಗೆ ಕರೆಯುವುದಿಲ್ಲ.”

ಹಾಳೆ ಮಡಚಿ ನನ್ನ ಕೈಗಿಟ್ಟರು.

“ಮೇಷ್ಟ್ರೇ, ದಡಾರನ ನಿಮ್ಮಷ್ಟು ಸರಿಯಾಗಿ ಯಾರೂ ಎಣಿಸಿಲ್ಲ. ಕಾಲಂ ಒಂದು ತಪ್ಪಿದೆ, ಅಷ್ಟೆ.”