ಮೇಗರವಳ್ಳಿಯವರೆಗೆ ತಂತಿ

ಟೆಲಿಫೋನ್ ಕಂಬ ಹತ್ತಿದವನನ್ನು ಕಂಡರೆ ಜನಕ್ಕೆ ಏನಾದರೂ ಕೇಳದೆ ಮುಂದೆ ಹೋಗಲಾಗುವುದಿಲ್ಲ. ಹಾಗಾಗಿ ಈ ಕೆಳಗಿನಂಥ ಪ್ರಸಂಗಗಳು ನನಗೆ ವಾರಕ್ಕೊಂದಾದರೂ ಆಗುತ್ತಲೇ ಇದ್ದವು.

ಹಳ್ಳಿಹಳ್ಳಿಗೂ ಫೋನು ಕೊಡಬೇಕೆಂದು ದೆಹಲಿಯಲ್ಲಿ ತೀರ್ಮಾನವಾಗಿದ್ದ ಕಾಲ, ಎಂಬತ್ತರ ದಶಕ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೋಟೆಲು, ಲಾರಿ, ಸಾಮಿಲ್ಲು ಎಲ್ಲ ಸುತ್ತಿ, ಸಾಗರದಲ್ಲಿ ತಂತಿ ಎಳೆಯುವ ಗ್ಯಾಂಗಿಗೆ ದಿನಗೂಲಿಯಾಗಿ ಸೇರಿದೆ. ಲೈನು ಒಂದು ದಿನ ಮೇಗರವಳ್ಳಿಗೂ ಹೋಗುತ್ತದೆ ಎಂದಿದ್ದರು, ಅದಕ್ಕೇ ಸೇರಿದ್ದು. ಅಲ್ಲಿ ನನ್ನ ಅಣ್ಣನಿದ್ದ. ಅವನ ಜೊತೆ ಜಗಳವಾಡಿ ಮನೆ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಎದುರು ನಿಂತು ಮಾತಾಡುವ ಧೈರ್ಯ ಇರಲಿಲ್ಲ. ತಂತಿಯ ಈ ತುದಿಯಿಂದಾದರೆ ಆಡಬಹುದು ಅನ್ನಿಸಿತ್ತು.

೧. ದಿಬ್ಬದ ಮೇಲಿನ ಅಜ್ಜಿ

ಸಾಗರದಾಚೆ ಒಂದು ದಿಬ್ಬದ ಮೇಲೆ ನಮ್ಮ ತಂತಿ ಕೈಗೆಟುಕುವಷ್ಟು ತಗ್ಗಿನಲ್ಲಿ ಹೋಗಿತ್ತು. ಅಲ್ಲಿಯ ಅಜ್ಜಿಯೊಬ್ಬರು ಬಂದು, "ಇದ್ರಲ್ಲಿ ಕರೆಂಟ್ ಇದ್ಯಾ?" ಎಂದರು.

"ಇಲ್ಲ ಅಜ್ಜಿ, ಬರೀ ಮಾತು ಹೋಗ್ತದೆ."

"ಮುಟ್ಟಿದ್ರೆ ಎಂಥ ಆಗ್ತದೆ?"

"ಎಂಥದೂ ಆಗಲ್ಲ."

ಮುಂದಿನ ವಾರ ಆ ಲೈನಿನಲ್ಲಿ ಮಾತು ಕೇಳುತ್ತಿಲ್ಲವೆಂದು ನನ್ನನ್ನು ಕಳಿಸಿದರು. ದಿಬ್ಬದ ಹತ್ತಿರದ ಕಂಬ ಹತ್ತಿ, ಟೆಸ್ಟ್ ಫೋನು ಸಿಕ್ಕಿಸಿ, ಎಕ್ಸ್‌ಚೇಂಜಿನವರ ಹತ್ತಿರ ಮಾತಾಡಿದೆ.

"ಫಾಲ್ಟ್ ಸಿಕ್ತೇನೋ?"

"ಸಿಕ್ತು ಸಾರ್."

"ಎಂಥದು?"

"ಎರಡು ಪಂಚೆ, ಒಂದು ಕಂಬಳಿ. ಇನ್ನೂ ಒಣಗಿಲ್ಲ."

೨. ಹುಲಿಕಲ್ಲಿನ ಉದ್ಘಾಟನೆ

ಹುಲಿಕಲ್ ಅಂಚೆ ಕಚೇರಿಗೆ ಫೋನು ಬಂತು. ಹಾರ, ಪಂಚಾಯಿತಿ ಅಧ್ಯಕ್ಷರು, ಶಾಮಿಯಾನ ಎಲ್ಲ ತಯಾರು. ಕೊನೆಗೆ ನೆನಪಾಯಿತು: ಮಾತಾಡುವುದು ಯಾರ ಹತ್ತಿರ? ಫೋನಿರುವ ನೆಂಟರು ಊರಲ್ಲಿ ಒಬ್ಬರಿಗೂ ಇಲ್ಲ. ಸೂಪರ್‌ವೈಸರು ನನ್ನನ್ನು ಹೊಸನಗರದ ಬಸ್ಸು ಹತ್ತಿಸಿದರು. "ಆ ತುದೀಲಿ ನೀನು ಕೂತ್ಕೋ. ಯಾರು ಏನು ಕೇಳಿದ್ರೂ ಮರ್ಯಾದೆಯಿಂದ ಉತ್ತರ ಕೊಡು."

ಅಧ್ಯಕ್ಷರು "ನಮಸ್ಕಾರ" ಎಂದರು. ನಾನೂ ಎಂದೆ. ಮುಂದಕ್ಕೆ ಇಬ್ಬರಿಗೂ ವಿಷಯವಿಲ್ಲ.

"ಅಲ್ಲಿ ಮಳೆಯಾ?"

"ಹೌದು."

"ಇಲ್ಲೂ ಮಳೆ."

ಚಪ್ಪಾಳೆ ಕೇಳಿಸಿತು. ಆಮೇಲೆ ಊರಿನವರ ಸರದಿ. ಹೆಂಗಸೊಬ್ಬರು, "ಮದ್ವೆ ಆಗಿದ್ಯನಾ?" ಎಂದರು.

"ಇಲ್ಲ."

"ಆಗಿಲ್ವಂತೆ!" ಎಂದು ತಿರುಗಿ ಊರಿಗೇ ಕೂಗಿ ಹೇಳಿದರು. ಅವರ ಹಿಂದಿನವರು "ಯಾಕಾಗಿಲ್ಲ?" ಎಂದರು. ಅವರ ಹಿಂದಿನವರು ವಯಸ್ಸು ಕೇಳಿದರು. ಇನ್ನೊಬ್ಬರು, ಜ್ವರ ಬಂದರೆ ಗಂಜಿ ಯಾರು ಮಾಡಿಕೊಡ್ತಾರೆ ಎಂದು ಕೇಳಿದರು. ಸಾಗರದಲ್ಲಿ ನಾನು ಬಾಡಿಗೆ ರೂಮಿನಲ್ಲಿದ್ದು ಎರಡು ವರ್ಷವಾಗಿತ್ತು. ಅಲ್ಲಿ ಯಾರೂ ಇಷ್ಟು ಕೇಳಿದ್ದಿಲ್ಲ. ಸಾಲು ಮುಗಿಯುವುದೇ ಬೇಡ ಅನ್ನಿಸಿತು.

ಕೊನೆಗೆ ಮತ್ತೆ ಅಧ್ಯಕ್ಷರೇ ಬಂದರು. "ನಮ್ಮ ಕಡೆ ಒಂದು ಹುಡುಗಿ ಇದೆ. ಜಾತಕ ಇದ್ರೆ ಪೋಸ್ಟಿಗೆ ಹಾಕಿ. ಫೋನಲ್ಲೆಲ್ಲ ಇಂಥ ವಿಷ್ಯ ಮಾತಾಡೋದು ಸರಿಯಲ್ಲ."

೩. ಅಣ್ಣನ ದೂರು

ಮೇಗರವಳ್ಳಿ ಕಡೆ ಕಂಬ ನೆಡುವ ತಿಂಗಳು ನಾನು ಹೊಟ್ಟೆನೋವೆಂದು ಸಾಗರದಲ್ಲೇ ಉಳಿದೆ. ಲೈನು ಮುಗಿದ ಮೇಲೆ, ಟೆಸ್ಟ್ ಮಾಡುವ ನೆಪದಲ್ಲಿ ತೀರ್ಥಹಳ್ಳಿಯಿಂದ ಅಲ್ಲಿಯ ಅಂಚೆ ಕಚೇರಿಗೆ ಫೋನು ಮಾಡಿ, ಅಣ್ಣನನ್ನು ಕರೆಸಲು ಹೇಳಿದೆ. "ಯಾರು ಅಂತ ಹೇಳ್ಲಿ?" ಎಂದರು. "ಟೆಲಿಫೋನಿನವರು ಅನ್ನಿ" ಎಂದೆ.

ಅರ್ಧ ಗಂಟೆಯಲ್ಲಿ ಅಣ್ಣನ ದನಿ ಬಂತು. ಅದು ಒಂದಿಷ್ಟೂ ಬದಲಾಗಿರಲಿಲ್ಲ.

"ಟೆಲಿಫೋನಿನವ್ರಾ? ನಿಮ್ಮನ್ನೇ ಹುಡುಕ್ತಿದ್ದೆ ಮಾರಾಯ್ರೆ! ನಮ್ಮ ಅಂಗಳದ ಬಾಯಿಗೇ ಕಂಬ ನೆಟ್ಟಿದೀರಲ್ಲ, ಎತ್ತಿನ ಗಾಡಿ ಎಲ್ಲಿ ತಿರುಗಿಸ್ಲಿ? ಬುದ್ಧಿ ಇಲ್ದೆ ನೆಟ್ಟೋನು ಯಾರು?"

ಹನ್ನೊಂದು ವರ್ಷದಿಂದ ಮಾತು ಜೋಡಿಸಿಟ್ಟಿದ್ದೆ. "ನಾನಲ್ಲ" ಎಂದೆ, ಅಷ್ಟೇ.

"ಯಾರಾದ್ರೂ ಆಗ್ಲಿ. ನಾಳೆ ನೀವೇ ಖುದ್ದು ಬಂದು ನೋಡಿ!" ಎಂದು ಫೋನು ಕುಕ್ಕಿದ.

ದೂರಿನ ಚೀಟಿ ನಾನೇ ಬರೆದು, ಸೂಪರ್‌ವೈಸರ ಸಹಿ ಹಾಕಿಸಿ, ಮರುದಿನ ಹಾರೆ ಹಿಡಿದು ಮೊದಲ ಬಸ್ಸಿಗೆ ಹೋದೆ. ಅಣ್ಣ ಕಂಬದ ಹತ್ತಿರವೇ ಕಾಯುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ಹಾರೆ ನೋಡಿದ, ನನ್ನ ಮುಖ ನೋಡಿದ, ಚೀಟಿ ಇಸಕೊಂಡು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಓದಿದ.

"ಯಾರು ಬಂದಿದ್ದು?" ಎಂದು ಅತ್ತಿಗೆ ಒಳಗಿನಿಂದ ಕೂಗಿದರು.

"ಕಂಬದೋನು" ಎಂದ ಅಣ್ಣ. "ಅಕ್ಕಿ ಒಂದು ಪಾವು ಜಾಸ್ತಿ ಹಾಕು."

ನಾನು ಅಗೆಯಲು ಶುರುಮಾಡಿದ್ದೇ ತಡ, ಬಂದು ಹಾರೆ ಹಿಡಿದುಕೊಂಡ.

"ಎಂಥದಾ ಅವಸರ ನಿಂಗೆ? ನಿಧಾನ ತೆಗಿ. ಈ ವರ್ಷವೇ ಮುಗೀಬೇಕು ಅಂತ ಏನಿಲ್ಲ. ಅಲ್ಲೀವರೆಗೆ ಎತ್ತುಗಳಿಗೆ ಹಿಂದಕ್ಕೆ ನಡೆಯೋದು ನಾನು ಕಲಿಸ್ತೀನಿ."