ಊರಿಂದ ಫೋನ್ ಬಂತು

ತಸದ್ದುಕ್ ಹುಸೇನ್ ಆ ಭಾನುವಾರ ಬೆಳಿಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ. ಸುಳ್ಳು ಹೇಳಿದ್ದರೆ ಯಾರಾದರೂ ಹಿಡಿಯುತ್ತಿದ್ದರು, ನಾಲ್ಕು ಮಾತು ಬೈಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಬಚ್ಚಲಲ್ಲಿ ಹಲ್ಲುಜ್ಜುತ್ತ, ಬಾಯಿತುಂಬ ನೊರೆ ಇಟ್ಟುಕೊಂಡೇ ಅವನು ಚೌಧರಿ ಗುಲ್‌ಬಹಾರ್‌ಗೆ ಫೋನ್ ಮಾಡಿದ್ದ. "ಚೌಧರಿ ಸಾಬ್, ಇವತ್ತು ಮೀಟಿಂಗಿಗೆ ಬರೋಕಾಗಲ್ಲ. ಬೆಳಗಿನ ಜಾವ ಊರಿಂದ ಫೋನ್ ಬಂತು."

ಫೋನ್ ಬಂದಿದ್ದು ನಿಜ. ಪಾಕಿಸ್ತಾನದ ತನ್ನೂರು ಚಕ್ ಬೇರಿಯಾದಿಂದ ಚಾಚಾ ಬರ್ಕತ್ ಮಾಡಿದ್ದ. ಮಂಡಿಗೆ ಹಚ್ಚುವ ನಾರ್ವೆಯ ಮುಲಾಮು ಮುಗಿದಿದೆ, ಯಾರಾದರೂ ಬರುವವರಿದ್ದರೆ ಕೊಟ್ಟು ಕಳಿಸು ಎಂದು. ಮೀಟಿಂಗಿಗೆ ಹೋಗಲಾಗದ್ದೂ ನಿಜ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅನ್ನುವುದನ್ನು ಮಾತ್ರ ತಸದ್ದುಕ್ ಹೇಳಲಿಲ್ಲ.

ಆದರೆ ಓಸ್ಲೋದ ಪಾಕಿಸ್ತಾನಿಗಳಿಗೆ ಊರಿನ ಫೋನ್ ಯಾವ ಹೊತ್ತಿಗೆ ಬಂತು ಅನ್ನುವುದೇ ಅರ್ಧ ಸುದ್ದಿ. ದುಡ್ಡು ಬೇಕಾದವರು ಸಂಜೆ ಮಾಡುತ್ತಾರೆ. ಮದುವೆ ಗೊತ್ತಾದವರು ಶುಕ್ರವಾರ ನಮಾಜ್ ಮುಗಿಯುವುದನ್ನು ಕಾದು ಮಾಡುತ್ತಾರೆ. ಬೆಳಗಿನ ಜಾವ ಬರುವುದು ಒಂದೇ ಸುದ್ದಿ. ಅದರ ಮೇಲೆ ನೊರೆ ತುಂಬಿದ ಬಾಯಿಯ ಗದ್ಗದ ದನಿ ಬೇರೆ.

ಚೌಧರಿ ಗುಲ್‌ಬಹಾರ್ ದನಿ ತಗ್ಗಿಸಿ, "ಮೇಲಿನವನ ಇಚ್ಛೆ ತಮ್ಮಾ. ಧೈರ್ಯ ತಂದ್ಕೋ," ಎಂದು ಫೋನಿಟ್ಟ.

ಒಂದು ಮೀಟಿಂಗ್ ತಪ್ಪಿಸಿಕೊಳ್ಳಲು ಧೈರ್ಯ ಯಾಕೆ ಬೇಕು ಎಂದು ತಸದ್ದುಕ್ ಬಾಯಿ ಮುಕ್ಕಳಿಸುತ್ತ ಯೋಚಿಸಿದ. ಹೊಳೆಯಲಿಲ್ಲ. ಸದ್ಯ ಪಾರಾದೆ ಎಂದು ಮುಖ ಒರೆಸಿಕೊಂಡ.

ವಾರವಿಡೀ ಟ್ರಾಮ್ ಓಡಿಸುವ ಈ ಮನುಷ್ಯ ಭಾನುವಾರ ಏಳು ಸಂಘಗಳ ಸಮನ್ವಯ ಸಮಿತಿಯ ಕಾರ್ಯದರ್ಶಿ. ಚುನಾವಣೆ ನಡೆದಾಗ ಕಾರನ್ನು ಬೇರೆ ಕಡೆ ನಿಲ್ಲಿಸಿ ಬರಲು ಹೊರಗೆ ಹೋಗಿದ್ದ. ವಾಪಸು ಬರುವಷ್ಟರಲ್ಲಿ ಆರಿಸಿಬಿಟ್ಟಿದ್ದರು. ಸಮನ್ವಯವೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಕೆಲಸ. ಚೌಧರಿಯದು ಚಕ್ ಬೇರಿಯಾ ಹಿತರಕ್ಷಣಾ ಸಂಘ. ಯಾವುದೋ ಸಮಾರಂಭದಲ್ಲಿ ತನಗೆ ಹಾಕಿದ ಹಾರ ಚೌಧರಿಯ ಹಾರಕ್ಕಿಂತ ಗಿಡ್ಡ ಎಂದು ಸಿಟ್ಟಾದ ರಾಜಾ ಮಕ್ಸೂದ್ ಎದ್ದು ಹೋಗಿ ಕಟ್ಟಿದ್ದು ಅಸಲಿ ಚಕ್ ಬೇರಿಯಾ ಸಂಘ. ಎಲ್ಲರೂ ಅಕ್ಕ ಎಂದು ಕರೆಯುವ ಬಾಜಿ ತನ್ವೀರ್‌ಳದು ಮಹಿಳಾ ಸಂಘ. ಮಿಕ್ಕವು ಕ್ರಿಕೆಟ್ಟು, ಟ್ಯಾಕ್ಸಿ, ಕವಿಗೋಷ್ಠಿ, ಮತ್ತು ಮೊಮ್ಮಕ್ಕಳಿರುವ ಅಧ್ಯಕ್ಷರ ಯುವಕ ಸಂಘ. ಊರಲ್ಲಿ ಹಸಿದು, ಬಂದ ದೇಶದಲ್ಲಿ ತಟ್ಟೆ ತೊಳೆದು, ಬೆನ್ನು ಬಾಗಿಸಿ ದುಡಿದವರೇ ಎಲ್ಲರೂ. ಆದರೆ ಮೇಲೆ ಕೂರಲು ಒಂದು ಕುರ್ಚಿ ಕಂಡರೆ ಸಾಕು, ಒಬ್ಬೊಬ್ಬರೂ ನವಾಬರು.

ಈಗಿನ ಜಗಳವೂ ಕುರ್ಚಿಯದೇ. ಆಗಸ್ಟ್ ಹದಿನಾಲ್ಕರ ಸ್ವಾತಂತ್ರ್ಯೋತ್ಸವಕ್ಕೆ ವೇದಿಕೆಯ ಮೇಲೆ ಏಳು ಕುರ್ಚಿ. ಏಳು ಅಂದಮೇಲೆ ನಡುವೆ ಒಂದು ಇದ್ದೇ ಇರುತ್ತದೆ. ಅದರಲ್ಲಿ ಯಾರು? ಈ ಪ್ರಶ್ನೆ ವಸಂತವನ್ನು ನುಂಗಿ, ಬೇಸಿಗೆಯನ್ನೂ ಮುಕ್ಕಾಲು ತಿಂದಿತ್ತು. ತಸದ್ದುಕ್‌ನ ಭಾನುವಾರಗಳನ್ನಂತೂ ಮೂಳೆ ಸಮೇತ ಅಗಿದಿತ್ತು.

ಹೆಂಡತಿ ಶಗುಫ್ತಾ ಹಿಂದಿನ ರಾತ್ರಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು. "ಮದುವೆಯಾಗಿ ಬಂದಾಗಿಂದ ಆ ದ್ವೀಪಕ್ಕೆ ಹೋಗೋ ದೋಣಿನ ಕಿಟಕಿಯಿಂದ್ಲೇ ನೋಡ್ತಿದೀನಿ. ನಾಳೆ ಕರ್ಕೊಂಡ್ಹೋದ್ರೆ ಸರಿ. ಇಲ್ಲಾಂದ್ರೆ ನಾನು ದ್ರಾಮೆನ್‌ಗೆ ಅಕ್ಕನ ಮನೆಗೆ ಹೋಗ್ತೀನಿ. ನೀವು ನಿಮ್ಮ ಸಮಿತಿ ಜೊತೆ ಸಂಸಾರ ಮಾಡಿ."

ಈಗ ಅವಳು ಹೊಸ ಹಸಿರು ಸಲ್ವಾರ್ ತೊಟ್ಟು, ಆಲೂ ಪರಾಠ ಕಟ್ಟಿಕೊಂಡು, ಫ್ಲಾಸ್ಕಿಗೆ ಚಹಾ ತುಂಬುತ್ತಿದ್ದಳು. ಗುನುಗುತ್ತಲೂ ಇದ್ದಳು. ಅವಳು ಗುನುಗಿದ್ದನ್ನು ಕೇಳಿ ಎಷ್ಟು ಕಾಲವಾಯಿತು ಎಂದು ತಸದ್ದುಕ್‌ಗೆ ಒಂದು ಥರಾ ಆಯಿತು. ಈ ದಿನ ಭೂಮಿ ಬಾಯಿಬಿಟ್ಟರೂ ದೋಣಿ ಹತ್ತುವುದೇ ಎಂದುಕೊಂಡು ಬೂಟಿಗೆ ಕಾಲು ತೂರಿಸಿದ.

ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಚೌಧರಿ ಗುಲ್‌ಬಹಾರ್, ಹಿಂದೆ ಅವನ ಸಂಘ. ಎಲ್ಲರ ಮುಖವೂ ಮೂರು ದಿನದ ರೊಟ್ಟಿಯ ಹಾಗೆ. ಚೌಧರಿ ಮಾತಿಲ್ಲದೆ ತಸದ್ದುಕ್‌ನನ್ನು ತಬ್ಬಿ, ಬೆನ್ನು ತಟ್ಟಿ, ಒಳಗೆ ನಡೆದು, ಸೋಫಾ ಗೋಡೆಗೆ ಸರಿಸಿ, ತಂದಿದ್ದ ಬಿಳಿ ಹಾಸು ನೆಲಕ್ಕೆ ಹರಡಿದ. ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಎಣಿಸಲು ಖರ್ಜೂರದ ಬೀಜದ ಚೀಲವೊಂದನ್ನು ಅದರ ಮೇಲೆ ಸುರಿದ. ಎಲ್ಲರೂ ಕೂತರು. "ದುವಾ ಮಾಡೋಣ," ಎಂದು ಅಂಗೈ ಎತ್ತಿದರು.

ಸುತ್ತ ಇರುವವರೆಲ್ಲ ಅಂಗೈ ಎತ್ತಿದಾಗ ಒಬ್ಬನೇ ಕೈ ಇಳಿಬಿಟ್ಟುಕೊಂಡಿರಲು ಆಗುತ್ತದೆಯೇ? ತಸದ್ದುಕ್ ತಾನೂ ಎತ್ತಿದ. ಕೈ ಮುಖದ ಮೇಲೆ ಇಳಿಯುವಷ್ಟರಲ್ಲಿ ಅವನು ಸಾವಿನ ಮನೆಯ ಯಜಮಾನನಾಗಿ ಹೋಗಿದ್ದ.

"ಏನ್ರೀ ಇದು?" ಅಡುಗೆಮನೆಯಲ್ಲಿ ಶಗುಫ್ತಾ ಪಿಸುಗುಟ್ಟಿದಳು. ಅವಳ ಪಿಸುಮಾತು ಕಾದ ಬಾಣಲೆಗೆ ನೀರು ಬಿದ್ದ ಹಾಗಿತ್ತು. "ಯಾರು ಸತ್ರು?"

"ಯಾರೂ ಸತ್ತಿಲ್ಲ ಕಣೇ. ಊರಿಂದ ಫೋನ್ ಬಂತು ಅಂದೆ, ಅಷ್ಟೇ."

"ಬೆಳಗಿನ ಜಾವ ಅಂದ್ರಾ?"

"ಅಂದೆ."

ಶಗುಫ್ತಾ ಹಣೆ ಚಚ್ಚಿಕೊಂಡಳು. "ಹೋಗಿ ಹೇಳಿ, ಯಾರೂ ಸತ್ತಿಲ್ಲ ಅಂತ."

"ಹೇಗೆ ಹೇಳ್ಲಿ? ಚೌಧರಿ ಸಾಬ್ ಆಗ್ಲೇ ಅಳ್ತಿದಾರೆ."

"ಹಂಗಾದ್ರೆ ನನ್ನ ದೋಣಿ?"

"ಒಂದು ಲೋಟ ಚಹಾ ಕೊಟ್ರೆ ಎದ್ದು ಹೋಗ್ತಾರೆ."

ಹೋಗಲಿಲ್ಲ. ಚೌಧರಿ ದಾರಿಯಲ್ಲೇ ನಾಲ್ಕು ಜನರಿಗೆ ಫೋನ್ ಮಾಡಿದ್ದ. ಸಾವಿನ ಮನೆಗೆ ಬರದವನನ್ನು ಈ ಜನ ಏಳು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಮೀಟಿಂಗಿಗೆ ತಾಸು ತಡವಾಗಿ ಬರುವವರೆಲ್ಲ ಅರ್ಧ ತಾಸಿನಲ್ಲಿ ಬಂದರು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದೆಂದು ಒಂದು ಸಂಘ ಬಿರಿಯಾನಿ ತಂದಿತು. ಅವರದಕ್ಕಿಂತ ನಮ್ಮ ಹಂಡೆ ದೊಡ್ಡದಿರಲಿ ಎಂದು ಇನ್ನೊಂದು ಕೋರ್ಮಾ ತಂದಿತು. ಬಾಜಿ ತನ್ವೀರ್ ಹೆಂಗಸರ ದಂಡಿನೊಂದಿಗೆ ಬಂದು ಶಗುಫ್ತಾಳನ್ನು ಎದೆಗವುಚಿಕೊಂಡು, "ಅತ್ತುಬಿಡು ಮಗಳೇ, ಒಳಗೆ ಇಟ್ಕೋಬೇಡ," ಅಂದಳು. ತಪ್ಪಿಹೋಗುತ್ತಿದ್ದ ದೋಣಿಯನ್ನು ನೆನೆದು ಶಗುಫ್ತಾ ನಿಜವಾಗಿಯೂ ಅತ್ತಳು.

ಕೊನೆಗೆ ರಾಜಾ ಮಕ್ಸೂದ್ ಬಂದ. ಹಾಸಿನ ಮೇಲೆ ಜಾಗವಿದ್ದದ್ದು ಚೌಧರಿಯ ಪಕ್ಕದಲ್ಲಿ ಮಾತ್ರ. ರಾಜಾ ನಿಂತೇ ಇದ್ದ. ಚೌಧರಿ ಮೀಸೆ ತಿರುವಿದ. ಹಾರದ ಗಲಾಟೆಯ ದಿನದಿಂದ ಇಬ್ಬರೂ ಒಂದೇ ಟ್ರಾಮಿನಲ್ಲೂ ಕೂತವರಲ್ಲ.

"ಮೊದಲು ಬಂದವರು ಸರಿದು ಕೂತ್ಕೋಬೇಕು ಅಂತ ಗೊತ್ತಾಗಲ್ವಾ ಕೆಲವರಿಗೆ," ಎಂದ ರಾಜಾ, ಗೋಡೆಗೆ.

"ಕೆಲವರಿಗೆ ಎಷ್ಟು ಜಾಗ ಕೊಟ್ರೂ ಗಿಡ್ಡ ಅನ್ಸುತ್ತೆ," ಎಂದ ಚೌಧರಿ, ಸೂರಿಗೆ.

ಚಹಾದ ತಟ್ಟೆ ಹಿಡಿದು ಬಂದ ಶಗುಫ್ತಾಳಿಗೆ ಮೊದಲೇ ಹೊಟ್ಟೆ ಉರಿಯುತ್ತಿತ್ತು. "ರಾಜಾ ಭಾಯಿ, ಇದು ಸಾವಿನ ಮನೆ, ಛತ್ರ ಅಲ್ಲ. ಕೂತ್ಕೊಳ್ಳಿ. ಚೌಧರಿ ಭಾಯಿ, ನೀವು ಸರೀರಿ. ಇನ್ನೂ. ಇನ್ನೂ ಸ್ವಲ್ಪ. ಹಾಂ."

ಇಬ್ಬರೂ ಕೂತರು. ಭುಜಕ್ಕೆ ಭುಜ ತಾಗಿತು. ಮನೆ ಸುಟ್ಟುಹೋಗಲಿಲ್ಲ. ಟ್ರಾಮ್ ಗುದ್ದುವುದನ್ನು ಕೂದಲೆಳೆಯಲ್ಲಿ ತಪ್ಪಿಸಿದವನ ಹಾಗೆ ತಸದ್ದುಕ್ ಉಸಿರುಬಿಟ್ಟ.

ಏಳು ಅಧ್ಯಕ್ಷರು ಒಂದೇ ಹಾಸಿನ ಮೇಲೆ ಕೂತಮೇಲೆ ಮಾತು ಎಲ್ಲಿಗೆ ಹೋಗುತ್ತದೆ? ಸಾವಿನಿಂದ ಬದುಕಿಗೆ, ಬದುಕಿನಿಂದ ದೇಶಕ್ಕೆ, ದೇಶದಿಂದ ನಡುವಿನ ಕುರ್ಚಿಗೆ. ಬೀಜ ಎಣಿಸುತ್ತಿದ್ದ ಬೆರಳುಗಳು ಒಬ್ಬರನ್ನೊಬ್ಬರು ತೋರಿಸತೊಡಗಿದವು. ದನಿ ಏರಿತು.

"ಅಯ್ಯೋ, ಅದಕ್ಯಾಕೆ ಇಷ್ಟು ಕಿರುಚಾಟ?" ಲೋಟ ಎತ್ತುತ್ತಿದ್ದ ಶಗುಫ್ತಾ ರೇಗಿದಳು. "ಕುರ್ಚಿನೇ ಹಾಕ್ಬೇಡಿ. ಇಲ್ಲಿ ಹಾಸಿದ ಹಂಗೆ ಅಲ್ಲೂ ಒಂದು ಬಿಳಿ ಹಾಸು ಹಾಸಿ. ಸುತ್ತ ಕೂತ್ಕೊಂಡ್ರೆ ನಡುವೆ ಇರೋದು ಹೂವಿನ ಬುಟ್ಟಿ."

ಅಧ್ಯಕ್ಷರು ಮುಖ ಮುಖ ನೋಡಿಕೊಂಡರು. ವಿರೋಧಿಸಲು ಏನಾದರೂ ಸಿಗುತ್ತದೋ ಎಂದು ಒಳಗೊಳಗೇ ತಡಕಾಡಿದರು. ಸಿಗಲಿಲ್ಲ. "ತಪ್ಪೇನಿಲ್ಲ," ಎಂದ ಚೌಧರಿ. "ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ," ಎಂದ ರಾಜಾ.

ಇನ್ನೂ ಹೊತ್ತಿದೆ, ಇವರೀಗ ಎದ್ದರೆ ಸಂಜೆಯ ದೋಣಿಯಾದರೂ ಸಿಗುತ್ತದೆ ಎಂದು ತಸದ್ದುಕ್ ಗಡಿಯಾರ ನೋಡಿದ. ಆಗ ಕೆಳಮನೆಯ ಸೋಲ್ವೈ ಅಜ್ಜಿ ಬಂದಳು. ಇಷ್ಟು ಜನ ಮೆಟ್ಟಿಲು ಹತ್ತಿದ್ದು ನೋಡಿ ವಿಷಯ ಊಹಿಸಿ, ಕೈಯಲ್ಲೊಂದು ಬಿಳಿ ಹೂವಿನ ಕುಂಡ ಹಿಡಿದಿದ್ದಳು. ಹಾಸಿನ ಅಂಚಿಗೆ ನಿಂತು, ನಾರ್ವೆಯವರ ನೇರ ಬಾಯಲ್ಲಿ ಕೇಳಿಯೇಬಿಟ್ಟಳು. "ತುಂಬ ಬೇಜಾರಾಯ್ತು. ತೀರ್ಕೊಂಡಿದ್ದು ಯಾರು?"

ಬೆಳಗಿನಿಂದ ಅಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಿದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ. ಮತ್ತು ಗೊತ್ತಿಲ್ಲ ಎಂದು ಒಪ್ಪಿಕೊಂಡ ಅಧ್ಯಕ್ಷ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

"ತಸದ್ದುಕ್‌ನ ಸೋದರಮಾವ," ಎಂದ ಚೌಧರಿ ಗಂಭೀರವಾಗಿ.

"ಸೋದರತ್ತೆ," ಎಂದ ರಾಜಾ.

"ನಾನು ಅಜ್ಜಿ ಅಂದ್ಕೊಂಡು ಅತ್ತೆನಲ್ಲಾ!" ಎಂದಳು ಬಾಜಿ ತನ್ವೀರ್.

ಎಲ್ಲರ ಕಣ್ಣೂ ತಸದ್ದುಕ್‌ನ ಮೇಲೆ ತಿರುಗಿದವು. ಅವನು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನ್ ಅರಚಿತು. ಜೊತೆಗೆ ಬಂದಿದ್ದ ಚೌಧರಿಯ ತಮ್ಮ ಬೆಳಿಗ್ಗೆಯೇ ಚಕ್ ಬೇರಿಯಾಗೆ ಸುದ್ದಿ ಮುಟ್ಟಿಸಿದ್ದ, ಓಸ್ಲೋದಲ್ಲಿ ತಸದ್ದುಕ್‌ನ ಮನೆಯಲ್ಲಿ ಸಾವಿಗೆ ಜನ ಸೇರಿದ್ದಾರೆ ಎಂದು. ಗಡಿಬಿಡಿಯಲ್ಲಿ ಬೆರಳು ಸ್ಪೀಕರ್ ಗುಂಡಿಗೆ ತಗುಲಿ, ಚಾಚಾ ಬರ್ಕತ್‌ನ ದನಿ ಇಡೀ ಕೋಣೆಗೆ ಕೇಳಿತು.

"ತಸದ್ದುಕ್! ಮಗನೇ! ಜೀವಂತ ಇದೀಯೇನೋ?"

"ಇದೀನಿ ಚಾಚಾ."

"ಹಾಗಾದ್ರೆ ಸತ್ತೋರ್ಯಾರೋ? ಇಲ್ಲಿ ಇಡೀ ಊರು ನಮ್ಮನೆ ಅಂಗಳದಲ್ಲಿ ಕೂತಿದೆ! ನೀನೇ ಹೋದೆ ಅಂತ ನನ್ನನ್ನ ಚಾಪೆ ಮೇಲೆ ಕೂರ್ಸಿದಾರೆ. ಮಂಡಿ ಮಡಚೋಕಾಗಲ್ಲ ಅಂದ್ರೂ ಬಿಡ್ತಿಲ್ಲ! ಮುಲಾಮು ಕಳ್ಸು ಅಂತ ಬೆಳಿಗ್ಗೆ ಫೋನ್ ಮಾಡಿದ್ದೇ ತಪ್ಪಾಯ್ತಲ್ಲೋ!"

ಖರ್ಜೂರದ ಬೀಜವೊಂದು ಯಾರದೋ ಕೈಯಿಂದ ಜಾರಿ ಬಿತ್ತು.

ಚೌಧರಿ ನಿಧಾನವಾಗಿ ಎದ್ದ. "ಮುಲಾಮು? ಬೆಳಗಿನಿಂದ ನಾನು ಅತ್ತಿದ್ದು ಮುಲಾಮಿಗಾ?"

"ಚೌಧರಿ ಸಾಬ್, ನಾನು ಸತ್ರು ಅಂತ ಹೇಳೇ ಇಲ್ಲ. ಶಗುಫ್ತಾನ ದೋಣಿಗೆ ಕರ್ಕೊಂಡ್ಹೋಗೋಣ ಅಂತ..."

"ದೋಣಿ! ಕೇಳಿದ್ರಾ? ಸಮುದಾಯ ಮುಳುಗ್ತಿದೆ, ಕಾರ್ಯದರ್ಶಿಗೆ ದೋಣಿ ಬೇಕಂತೆ!" ರಾಜಾ ಗುಡುಗಿದ. "ಈ ಮನುಷ್ಯನ್ನ ಈಗಿಂದೀಗ್ಲೇ ಕಿತ್ತುಹಾಕ್ಬೇಕು. ಕೈ ಎತ್ತಿ!"

ಏಳು ಕೈಗಳೂ ಎದ್ದವು. ಸಮಿತಿ ಹುಟ್ಟಿದಂದಿನಿಂದ ಒಂದು ನಿರ್ಣಯಕ್ಕೆ ಏಳೂ ಕೈ ಎದ್ದಿದ್ದು ಇದೇ ಮೊದಲು. ಯುವಕ ಸಂಘದ ಅಧ್ಯಕ್ಷರು ಉಮೇದಿನಲ್ಲಿ ಎರಡೂ ಕೈ ಎತ್ತಿದ್ದರು.

ತಸದ್ದುಕ್ ತಲೆ ತಗ್ಗಿಸಿದ. ನಗು ಕಾಣದಿರಲೆಂದು. ಬಿಡುಗಡೆ! ಎದೆಯೊಳಗೆ ಯಾರೋ ಡೋಲು ಬಡಿದ ಹಾಗಾಯಿತು. ಇನ್ನು ಸಾಯುವತನಕ ಭಾನುವಾರಗಳೆಲ್ಲ ಅವನವು, ಅವಳವು. ಹಿಂದಕ್ಕೆ ಸರಿದು ಹೆಂಡತಿಯ ಕಿವಿಯಲ್ಲಿ ಹೇಳಿದ. "ನಡಿ. ಬೆಳಕು ಇನ್ನೂ ಎಷ್ಟೋ ಹೊತ್ತು ಇರುತ್ತೆ! ಸಂಜೆ ದೋಣಿಗೆ ಹೋಗೋಣ."

ಶಗುಫ್ತಾ ಕೇಳಿಸಿಕೊಳ್ಳಲಿಲ್ಲ. ಅವಳು ಬಾಜಿ ತನ್ವೀರ್‌ಳ ಮಾತು ಕೇಳುತ್ತಿದ್ದಳು.

"ಕಿತ್ತಿದ್ದು ಸರಿ, ಆದ್ರೆ ಆ ಜಾಗಕ್ಕೆ ಯಾರು?" ಬಾಜಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ನೀವು ಗಂಡಸರು ಇಡೀ ವರ್ಷ ಬಡಿದಾಡಿದ್ರೂ ಬಗೆಹರೀದ ಕುರ್ಚಿ ವಿಷಯನ ಲೋಟ ಎತ್ತಿಡ್ತಾ ಬಗೆಹರಿಸಿದ್ದು ಯಾರು? ನಿಮ್ಮಿಬ್ಬರನ್ನ ಪಕ್ಕಪಕ್ಕ ಕೂರ್ಸಿದ್ದು ಯಾರು? ಶಗುಫ್ತಾ! ಕೈ ಎತ್ತಿ."

ಇಳಿದಿದ್ದ ಕೈಗಳು ಮತ್ತೆ ಎದ್ದವು. ಏಳೂ.

ತಸದ್ದುಕ್ ನಗಲು ಹೊರಟ. ಅವಳು ಈಗ ಇವರಿಗೆ ಸರಿಯಾಗಿ ಮಂಗಳಾರತಿ ಎತ್ತುತ್ತಾಳೆ, ನೋಡುವಂತಿರುತ್ತದೆ ಎಂದುಕೊಂಡ. ಶಗುಫ್ತಾ ಏಳು ಮುಖಗಳನ್ನೂ ಒಂದೊಂದಾಗಿ ನೋಡಿದಳು. ದುಪಟ್ಟಾ ಸೊಂಟಕ್ಕೆ ಬಿಗಿದಳು.

"ಹಾಗಿದ್ರೆ ಈಗ್ಲೇ ಶುರು ಮಾಡೋಣ. ಹಾಸು ಯಾರು ತರ್ತೀರಿ? ಹೂವು ಯಾರದು? ಒಬ್ಬೊಬ್ರೇ ಮಾತಾಡಿ. ರಾಜಾ ಭಾಯಿ, ನಿಮ್ಮ ಸರದಿ ಆಮೇಲೆ."

"ಶಗುಫ್ತಾ, ದೋಣಿ..." ತಸದ್ದುಕ್‌ನ ದನಿ ಮತ್ತೆ ಗದ್ಗದವಾಯಿತು. ಈ ಸಲ ನೊರೆಯಿಲ್ಲದೆಯೇ.

ಅವಳು ತಿರುಗಿ ನೋಡಿದಳು. ಕಣ್ಣಲ್ಲಿ ಹಳೆಯ ಸಿಟ್ಟಿನ ಸುಳಿವಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮಾತ್ರ ಕಂಡಿದ್ದ ಹೊಳಪಿತ್ತು. "ಇಷ್ಟು ವರ್ಷ ಭಾನುವಾರ ಭಾನುವಾರ ಎಲ್ಲಿ ಹೋಗಿ ಸಾಯ್ತೀರಿ ಅಂತ ಬೈತಿದ್ದೆ. ಇಷ್ಟು ಮಜಾ ಇರುತ್ತೆ ಅಂತ ಒಂದಿನಾನೂ ಹೇಳ್ಲಿಲ್ವಲ್ರೀ! ದೋಣಿ ಎಲ್ಲಿ ಓಡಿಹೋಗುತ್ತೆ? ನೀವು ಹೋಗಿ ಬನ್ನಿ. ಪರಾಠ ಕಟ್ಟಿಟ್ಟಿದೀನಲ್ಲ."

"ನಾನೊಬ್ನೇ?"

"ಭಾಬಿ," ಚೌಧರಿ ಕೆಮ್ಮಿದ, "ಸಮಿತಿಯವರಲ್ಲದವರು ಸಭೇಲಿ ಇರೋ ಹಾಗಿಲ್ಲ. ಅದು ನಿಯಮ."

"ಹೌದಾ?" ಶಗುಫ್ತಾ ಒಂದು ಕ್ಷಣ ಯೋಚಿಸಿದಳು. "ನಿಯಮ ಅಂದ್ಮೇಲೆ ನಿಯಮ. ರೀ, ಸ್ವಲ್ಪ ಹೊರಗೆ ಕೂತ್ಕೊಳ್ಳಿ."

ಅವನ ಮನೆಯ ಬಾಗಿಲು ಅವನ ಮುಖದ ಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಮೆಟ್ಟಿಲ ತುಂಬ ಏಳು ಸಂಘಗಳ ಪಾದರಕ್ಷೆ ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿತ್ತು. ತಸದ್ದುಕ್ ಕೂರಲು ಜಾಗ ಹುಡುಕುತ್ತಿದ್ದಾಗ ಒಳಗಿನಿಂದ ಹೊಸ ಕಾರ್ಯದರ್ಶಿಯ ದನಿ ಬಂತು.

"ಹೊರಗೇ ಇದೀರಲ್ಲ, ಆ ಚಪ್ಪಲಿ ಜೋಡಿ ಮಾಡಿಡಿ! ಜಗಳ ಬರದ ಹಾಗೆ!"